ಮಂಗಳೂರಿನಲ್ಲಿ ದರ್ಶಿನಿ ಹುಡುಕಬೇಡಿ, ಗಡಿಯಾರ ನೋಡಿ

ಪ್ರಶ್ನೆ: ನಾನು ಬ್ಯಾಂಕ್ ನೌಕರ. ಹುಟ್ಟಿ ಬೆಳೆದದ್ದು ಬೆಂಗಳೂರಿನ ಜಯನಗರ. ಏಪ್ರಿಲ್‌ನಲ್ಲಿ ಮಂಗಳೂರಿಗೆ ವರ್ಗವಾಗಿ ಬಂದೆ. ಬಿಜೈನಲ್ಲಿ ಮನೆ. ಉಡುಪಿ ಹೋಟೆಲುಗಳ ತವರಿಗೇ ಬಂದಿದ್ದೇನೆ, ಇನ್ನು ತಿಂಡಿಗೆ ಚಿಂತೆಯಿಲ್ಲ ಅಂದುಕೊಂಡಿದ್ದೆ. ಎರಡು ತಿಂಗಳಾಯಿತು, ಮನಸ್ಸಿಗೊಪ್ಪುವ ಒಂದು ದರ್ಶಿನಿ ಸಿಕ್ಕಿಲ್ಲ. ಖಾರಾಬಾತ್ ಕಾಣಿಸುವುದಿಲ್ಲ. ಸಾಂಬಾರಿನ ರುಚಿಯೇ ಬೇರೆ. ರಾತ್ರಿ ಒಂಬತ್ತಕ್ಕೆ ಹೋಗಿ ಮೀನಿನ ಊಟ ಕೇಳಿದರೆ ಮುಗಿಯಿತು ಅನ್ನುತ್ತಾರೆ. ಹೆಂಡತಿ ಸಸ್ಯಾಹಾರಿ, ನಾನು ಎಲ್ಲವನ್ನೂ ತಿನ್ನುತ್ತೇನೆ. ದೊಡ್ಡ ರೆಸ್ಟೋರೆಂಟ್ ಬೇಡ. ವಾರಕ್ಕೆ ಮೂರ್ನಾಲ್ಕು ಸಲ ಸುಮ್ನೆ ಹೋಗಿ ತಿಂದು ಬರುವಂಥ ಜಾಗಗಳನ್ನು ಹೇಳುತ್ತೀರಾ? ಜುಲೈನಲ್ಲಿ ಅಪ್ಪ ಬೇರೆ ಬರುತ್ತಿದ್ದಾರೆ. ಅವರಿಗೆ ಮೀನೆಂದರೆ ಪ್ರಾಣ.

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು. ಹದಿನಾರು ವರ್ಷದ ಹಿಂದೆ ಗಾಂಧಿಬಜಾರಿನಿಂದ ಇಲ್ಲಿಗೆ ಬಂದಾಗ ನನ್ನ ದೂರುಗಳ ಪಟ್ಟಿಯೂ ಹೀಗೇ ಇತ್ತು. ಬಂದ ಮೊದಲ ವಾರ ಹಂಪನಕಟ್ಟೆಯ ಹತ್ತಿರ ಒಂದು ಹೋಟೆಲಿಗೆ ಗೆಳೆಯನ ಜೊತೆ ಹೋಗಿ "ಬೈಟು ಕಾಫಿ" ಅಂದೆ. ಹುಡುಗ ತಲೆಯಾಡಿಸಿ ಒಳಗೆ ಹೋದ. ಎರಡು ಪೂರ್ತಿ ಲೋಟ ಕಾಫಿ ಬಂತು, ಬಿಲ್ಲೂ ಎರಡರದ್ದೇ ಬಂತು. ಅವನು ಕೇಳಿಸಿಕೊಂಡದ್ದು 'ಟು' ಮಾತ್ರ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನ ಹಳೆಯ ತಿಂಡಿ ಹೋಟೆಲುಗಳನ್ನು ಕಟ್ಟಿದವರಲ್ಲಿ ಕರಾವಳಿಯವರು ಬಹಳ ಮಂದಿ, ಅದು ನಿಜ. 1924ರಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯರು ಉಡುಪಿ ಕಡೆಯವರು. 1943ರಲ್ಲಿ ಶುರುವಾದ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಬೇರೂ ಇದೇ ಕಡೆಗಿದೆ. ಆದರೆ ಅವರು ಅಲ್ಲಿ ಬಡಿಸಿದ್ದು ಬೆಂಗಳೂರಿನವರ ನಾಲಗೆಗೆ ಹಿಡಿಸುವ ಅಡುಗೆ. ರವೆ ಇಡ್ಲಿಯನ್ನೇ ನೋಡಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ಕಂಡುಕೊಂಡ ದಾರಿ ಅದು. ಇನ್ನು ದರ್ಶಿನಿ ಹುಟ್ಟಿದ್ದು 1980ರ ದಶಕದ ಬೆಂಗಳೂರಿನಲ್ಲಿ, ನಿಂತು ತಿಂದು ಆಫೀಸಿಗೆ ಓಡುವವರಿಗಾಗಿ. ಹೀಗಾಗಿ ನೀವು ಜಯನಗರದಲ್ಲಿ ತಿಂದದ್ದು ಊರು ಬಿಟ್ಟು ಹೋದವರ ಅಡುಗೆ. ಊರಲ್ಲೇ ಉಳಿದವರು ತಿನ್ನುವುದೇ ಬೇರೆ. ಸಾಂಬಾರಿಗೆ ಇಲ್ಲಿ ತೆಂಗಿನಕಾಯಿ ಅರೆದು ಹಾಕುತ್ತಾರೆ, ಒಗ್ಗರಣೆ ತೆಂಗಿನೆಣ್ಣೆಯದು. ಮೊದಲ ತಿಂಗಳು ಆ ವಾಸನೆ ಮೂಗಿಗೆ ಹೊಡೆಯುತ್ತದೆ. ಮೂರನೇ ತಿಂಗಳು ಬೆಂಗಳೂರಿಗೆ ಹೋದಾಗ ಅಲ್ಲಿನ ಸಾಂಬಾರು ಸಪ್ಪೆ ಅನ್ನಿಸಿದರೆ ನನಗೆ ಬರೆದು ತಿಳಿಸಿ.

ನೀವು ಕೇಳಿದ್ದು 'ಎಲ್ಲಿ' ಅಂತ. ನಾನು ಹೇಳುವುದು ಜಾಸ್ತಿ 'ಯಾವಾಗ' ಅನ್ನುವುದನ್ನು. ಬೆಂಗಳೂರಿನಲ್ಲಿ ಸಂಜೆ ಆರಕ್ಕೂ ಇಡ್ಲಿ ಸಿಗುತ್ತದೆ, ರಾತ್ರಿ ಹತ್ತಕ್ಕೂ ಮಸಾಲೆ ದೋಸೆ ಸಿಗುತ್ತದೆ. ಇಲ್ಲಿನ ಸಣ್ಣ ಹೋಟೆಲುಗಳಲ್ಲಿ ಒಂದೊಂದು ತಿನಿಸಿಗೂ ಒಂದೊಂದು ಹೊತ್ತು ಇದೆ. ಆ ಹೊತ್ತಿಗೆ ಹೋದರೆ ಹೊಗೆಯಾಡುವ ತಟ್ಟೆ ಎದುರಿಗೆ ಬರುತ್ತದೆ. ತಪ್ಪಿಸಿಕೊಂಡರೆ "ಇಲ್ಲ, ಆಯ್ತು" ಅನ್ನುವ ಉತ್ತರ. ಎರಡು ತಿಂಗಳು ನಿಮಗೆ ಆಗಿರುವುದೂ ಇದೇ ಅಂತ ನನ್ನ ಅನುಮಾನ.

ಬೆಳಗ್ಗೆಯಿಂದ ಶುರು ಮಾಡೋಣ. ಖಾರಾಬಾತ್ ಇಲ್ಲ ಅಂದಿರಿ. ಇದೆ, ಹೆಸರು ಬೇರೆ. ಇಲ್ಲಿ ಉಪ್ಪಿಟ್ಟನ್ನು 'ಸಜ್ಜಿಗೆ' ಅನ್ನುತ್ತಾರೆ. ನಮ್ಮ ಕಡೆ ಸಜ್ಜಿಗೆಯೆಂದರೆ ಸತ್ಯನಾರಾಯಣ ಪೂಜೆಯ ಸಿಹಿ ಅಲ್ವಾ? ನಾನೂ ಹಾಗೇ ಅಂದುಕೊಂಡು ಆಸೆಯಿಂದ ಕೇಳಿದ್ದೆ. ಬಂದದ್ದು ಬಿಳಿ ಉಪ್ಪಿಟ್ಟು, ಅದರ ಪಕ್ಕದಲ್ಲಿ ತೆಂಗಿನತುರಿ, ಬೆಲ್ಲ, ಖಾರ ಕಲಸಿದ ತೆಳು ಅವಲಕ್ಕಿ. ಇದೇ 'ಸಜ್ಜಿಗೆ ಬಜಿಲ್'. ತುಳುವಿನಲ್ಲಿ ಬಜಿಲ್ ಅಂದರೆ ಅವಲಕ್ಕಿ. ಎರಡನ್ನೂ ಬೇರೆ ಬೇರೆ ತಿನ್ನಬೇಡಿ. ಬಿಸಿ ಸಜ್ಜಿಗೆಯ ಮೆತ್ತನೆ, ಅವಲಕ್ಕಿಯ ಗರಿಗರಿ, ನಡುವೆ ಬೆಲ್ಲದ ಸಿಹಿ, ಮೂರೂ ಒಂದೇ ತುತ್ತಿನಲ್ಲಿ ಬರಬೇಕು. ಸಜ್ಜಿಗೆಯ ಬದಲು ಕಡಲೆ ಗಸಿ (ಕಾಯಿ ಅರೆದು ಮಾಡಿದ ಗಟ್ಟಿ ಸಾರು) ಹಾಕಿದರೆ ಅದು 'ಕಡ್ಲೆ ಬಜಿಲ್'. ಕೊಟ್ಟ ಕೂಡಲೇ ತಿನ್ನಿ. ಫೋನ್ ನೋಡುತ್ತಾ ಕೂತರೆ ಅವಲಕ್ಕಿ ಮುದ್ದೆಯಾಗುತ್ತದೆ. ಇದಕ್ಕೆ ಯಾವ ಹೆಸರಾಂತ ಹೋಟೆಲೂ ಬೇಕಿಲ್ಲ. ನಿಮ್ಮ ಬಿಜೈ, ಕದ್ರಿ, ಕಂಕನಾಡಿಯ ಸಂದಿಗಳಲ್ಲಿ ಏಳೆಂಟು ಮೇಜಿನ ಹೋಟೆಲುಗಳಿವೆಯಲ್ಲ, ಎದುರಿಗೆ ಆಟೋದವರು ನಿಂತಿರುವ ಒಂದನ್ನು ನೋಡಿ ನುಗ್ಗಿ. ಎಂಟೂವರೆಯೊಳಗೆ ಹೋಗಿ.

ಬನ್ಸ್ ತಿಂದಿರುತ್ತೀರಿ. ಬೆಂಗಳೂರಿನಲ್ಲೂ ಈಗ ಸಿಗುತ್ತದೆ. ಆದರೆ ಇಲ್ಲಿ ತಿನ್ನುವ ಮೊದಲು ಅದು ಹೇಗೆ ಆಗುತ್ತದೆ ಅಂತ ತಿಳಿದರೆ ಒಳ್ಳೆಯದು. ಚೆನ್ನಾಗಿ ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು, ಜೀರಿಗೆ ಹಿಸುಕಿ, ಮೈದಾ ಸೇರಿಸಿ ಕಲಸಿ, ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಪೂರಿಯ ಹಾಗೆ ಉಬ್ಬುತ್ತದೆ. ಒಳಗೆ ಮಾತ್ರ ಬ್ರೆಡ್ಡಿನಂತೆ ಜಾಲರಿ. ಒಳ್ಳೆಯ ಬನ್ಸಿನ ಗುರುತು ಆ ಜಾಲರಿ, ಮತ್ತೆ ಕೈಗೆ ಅಂಟದ ಎಣ್ಣೆ. ತುಂಬಾ ಸಿಹಿಯಾಗಿದ್ದರೆ ಹಣ್ಣು ಕಡಿಮೆ, ಸಕ್ಕರೆ ಜಾಸ್ತಿ ಅಂತ ಅರ್ಥ. ಖಾರದ ಚಟ್ನಿಯ ಜೊತೆ ತಿನ್ನುವ ಸಿಹಿ ಇದು, ಮೊದಲ ಸಲ ವಿಚಿತ್ರ ಅನ್ನಿಸುತ್ತದೆ. ಅಂದಹಾಗೆ ಒಂದಕ್ಕೂ 'ಬನ್ಸ್', ಹತ್ತಕ್ಕೂ 'ಬನ್ಸ್'. 'ಒಂದು ಬನ್ ಕೊಡಿ' ಅಂದರೆ ಬೇಕರಿಗೆ ದಾರಿ ತೋರಿಸುತ್ತಾರೆ. ಇದಕ್ಕೆ ನಾನು ಹೋಗುವುದು ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆಗೆ. ಹೆಸರು ಕೇಳಿ ಬಿರಿಯಾನಿ ಹೋಟೆಲ್ ಅಂದುಕೊಳ್ಳಬೇಡಿ, ಶುದ್ಧ ಸಸ್ಯಾಹಾರಿ ಹಳೇ ಹೋಟೆಲು. ಅಲ್ಲಿನ ಬಿಸ್ಕುಟ್ ರೊಟ್ಟಿಯನ್ನು ನಿಮ್ಮ ಮನೆಯವರಿಗೆ ತಿನ್ನಿಸಿ. ಒಳಗೆ ಖಾರದ ಹೂರಣ ತುಂಬಿ ಕರಿದ ಗರಿಗರಿ ಪೂರಿಯಂಥದ್ದು, ಕೊಂಕಣಿ ಮನೆಗಳಿಂದ ಹೋಟೆಲಿಗೆ ಬಂದ ತಿಂಡಿ.

ಕಾಫಿಯ ವಿಷಯದಲ್ಲಿ ನಾನಿನ್ನೂ ಬೆಂಗಳೂರಿನವನೇ. ಪುಡಿ ತರಿಸಿ ಮನೆಯಲ್ಲೇ ಡಿಕಾಕ್ಷನ್ ಹಾಕಿಕೊಳ್ಳುತ್ತೇನೆ. ಹೋಟೆಲಿನಲ್ಲಿ ಚಾ ಕುಡಿಯುತ್ತೇನೆ.

ಈಗ ಮಧ್ಯಾಹ್ನಕ್ಕೆ ಬರೋಣ. ಮಂಗಳೂರಿನ ಜೀವ ಇರುವುದು ಹನ್ನೆರಡೂವರೆಯಿಂದ ಎರಡರವರೆಗಿನ ಆ ಒಂದೂವರೆ ಗಂಟೆಯಲ್ಲಿ. ಮೀನು ಇಲ್ಲಿ ಮಧ್ಯಾಹ್ನದ ಊಟ. ಬೆಳಗಿನ ಜಾವ ದಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಬೋಟುಗಳಿಂದ ಇಳಿದು, ಹರಾಜಾಗಿ, ಹೊತ್ತೇರುವ ಮೊದಲೇ ಹೋಟೆಲಿನ ಅಡುಗೆಮನೆಯಲ್ಲಿ ಮಸಾಲೆ ಮೆತ್ತಿಸಿಕೊಂಡು ಕೂತಿರುತ್ತದೆ. ಚಿಕ್ಕ ಹೋಟೆಲಿನವರು ಅವತ್ತಿಗೆ ಖರ್ಚಾಗುವಷ್ಟನ್ನೇ ತರುತ್ತಾರೆ. ಎರಡೂವರೆಗೆ ಹೋದರೆ ಕಾಣೆ ಮೀನು ಮುಗಿದಿರುತ್ತದೆ, ಮೂರಕ್ಕೆ ಹೋದರೆ ಸಾರು ಮಾತ್ರ ಇರುತ್ತದೆ. ರಾತ್ರಿ ಒಂಬತ್ತಕ್ಕೆ ನಿಮಗೆ 'ಮುಗಿಯಿತು' ಅಂದ ಹೋಟೆಲು ಇದೆಯಲ್ಲ, ಅದೇ ಒಳ್ಳೆಯ ಹೋಟೆಲು. ಮಧ್ಯಾಹ್ನ ಅಲ್ಲಿಗೇ ಹೋಗಿ.

ನೀವು ಬ್ಯಾಂಕಿನವರು, ಊಟದ ಬಿಡುವು ಕಡಿಮೆ. ಹಾಗಾಗಿ ಎರಡೇ ಹೆಸರು ಹೇಳುತ್ತೇನೆ. ಒಂದು ಬಂದರಿನ ನಾರಾಯಣ ಹೋಟೆಲ್. ಹಳೇ ಗೋದಾಮುಗಳ ನಡುವಿನ ಬೀದಿ, ಕಟ್ಟಡ ನೋಡಿ ಹಿಂದೆ ಸರಿಯಬೇಡಿ. ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿ ಜೋಡಿಸಿ ಮೇಜಿಗೇ ತರುತ್ತಾರೆ. ಬೆರಳು ತೋರಿಸಿದರೆ ಸಾಕು, ಅದು ಕಾವಲಿಗೆ ಹೋಗುತ್ತದೆ. ಇನ್ನೊಂದು ರಥಬೀದಿಯ ಹತ್ತಿರದ ಗಿರಿಮಂಜಾಸ್. ಇರುವ ಜಾಗ ಅಷ್ಟೇ ಅಷ್ಟು. ಊಟ ಮಾಡುತ್ತಿರುವವರ ಕುರ್ಚಿಯ ಹಿಂದೆಯೇ ಕಾಯುವವರು ನಿಂತಿರುತ್ತಾರೆ. ನಮ್ಮ ಸಂಕೋಚಕ್ಕೆ ಅದು ಒಗ್ಗುವುದಿಲ್ಲ, ಆದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ನೀವೂ ನಿಲ್ಲಿ. ಎರಡು ಕಡೆಯೂ ಭಾನುವಾರದ ಆಸೆ ಇಟ್ಟುಕೊಳ್ಳದೆ ವಾರದ ನಡುವೆ ಹೋಗುವುದು ವಾಸಿ.

ಊಟ ಹೇಳುವ ಕ್ರಮ ಹೀಗೆ. 'ಒಂದು ಊಟ' ಅಂದರೆ ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ ಬರುತ್ತದೆ. ಫ್ರೈ ಬೇರೆ ಹೇಳಬೇಕು. "ಕುಚ್ಚಲಕ್ಕಿಯಾ ಬೆಳ್ತಿಗೆಯಾ?" ಅಂತ ಕೇಳುತ್ತಾರೆ. ಬೆಳ್ತಿಗೆ ನಮ್ಮ ಮಾಮೂಲಿ ಬಿಳಿ ಅನ್ನ. ಕುಚ್ಚಲಕ್ಕಿ ದಪ್ಪ, ಕೆಂಪು ಛಾಯೆಯದು, ಅಗಿಯಬೇಕು. ಧೈರ್ಯ ಮಾಡಿ ಕುಚ್ಚಲಕ್ಕಿಯನ್ನೇ ಹೇಳಿ. ಇಲ್ಲಿನ ಗಟ್ಟಿ ಸಾರಿಗೆ ಬಿಳಿ ಅನ್ನ ನಿಲ್ಲುವುದಿಲ್ಲ, ಬೇಗ ಮೆತ್ತಗಾಗುತ್ತದೆ.

ಮೀನಿನ ಹೆಸರುಗಳನ್ನು ತುಳುವಿನಲ್ಲೇ ಕಲಿಯಿರಿ. ಮುಳ್ಳು ಬಿಡಿಸುವುದು ಅಭ್ಯಾಸವಿಲ್ಲದಿದ್ದರೆ ಕಾಣೆಯಿಂದ ಶುರು ಮಾಡಿ. ನಡುವೆ ಒಂದು ಮುಳ್ಳು, ಎರಡೂ ಕಡೆ ಹೂವಿನಂಥ ಮಾಂಸ. ಮಾಂಜಿ ಅಂದರೆ ಪಾಂಫ್ರೆಟ್. ಅಂಜಲ್ ತುಂಡು ತುಂಡಾಗಿ ಬರುತ್ತದೆ, ತಿನ್ನಲು ಸುಲಭ, ಜೇಬಿಗೆ ಕಷ್ಟ. ಊರಿನವರು ದಿನಾ ತಿನ್ನುವುದು ಬಂಗುಡೆ ಮತ್ತು ಬೂತಾಯಿ. ಬೂತಾಯಿಗೆ ಮುಳ್ಳು ಬಹಳ, ಆದರೆ ರುಚಿಯಲ್ಲಿ ಅಂಜಲ್ ಅದರ ಹತ್ತಿರಕ್ಕೂ ಬರುವುದಿಲ್ಲ ಅನ್ನುವುದು ನನ್ನ ಹಟ. ಬಂಗುಡೆಯನ್ನು ಪುಳಿಮುಂಚಿ ಮಾಡಿದ್ದಾರಾ ಕೇಳಿ. ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು, ಹೆಸರಲ್ಲೇ ಎಲ್ಲ ಇದೆ. ಎಟ್ಟಿ ಸಿಗಡಿ, ಡೆಂಜಿ ಏಡಿ, ಮರುವಾಯಿ ಚಿಪ್ಪುಮೀನು. ರವಾ ಫ್ರೈಗಿಂತ ಮಸಾಲೆ ಫ್ರೈ ಹೇಳಿ. ರವೆಯ ಕೆಳಗೆ ಹಳೇ ಮೀನೂ ಬಚ್ಚಿಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆ. ಫ್ರೈಗೆ ಎಲ್ಲ ಕಡೆ ಒಂದೇ ದರ ಇರುವುದಿಲ್ಲ. ಮೀನಿನ ಗಾತ್ರ ನೋಡಿ, ಅವತ್ತಿನ ಮಾರುಕಟ್ಟೆ ನೋಡಿ ಬೆಲೆ. ಮೊದಲ ವರ್ಷ ಒಂದು ಹೋಟೆಲಿನಲ್ಲಿ ಕೇಳದೆ ದೊಡ್ಡ ಮಾಂಜಿಗೆ ಬೆರಳು ತೋರಿಸಿ, ಬಿಲ್ ಬಂದಾಗ ಗೆಳೆಯನಿಂದ ಸಾಲ ಮಾಡಿದ್ದೇನೆ. "ಇದಕ್ಕೆ ಎಷ್ಟು?" ಅಂತ ಮೊದಲೇ ಕೇಳಿ. ಊರಿನವರೂ ಕೇಳುತ್ತಾರೆ, ನಾಚಿಕೆ ಬೇಡ.

ಮೀನು ಬೇಡವಾದ ದಿನ ಕೋರಿ ರೊಟ್ಟಿ. ಕೋರಿ ಅಂದರೆ ಕೋಳಿ. ರೊಟ್ಟಿ ಅಂದರೆ ನಮ್ಮ ಅಕ್ಕಿರೊಟ್ಟಿ ಅಲ್ಲ, ಕುಚ್ಚಲಕ್ಕಿ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಮಾಡಿ ಒಣಗಿಸಿದ ಗರಿ ಹಾಳೆ. ಅದನ್ನು ಮುರಿದು ತಟ್ಟೆಗೆ ಹಾಕಿ, ಮೇಲೆ ಕೋಳಿ ಗಸಿ ಸುರಿಯುತ್ತಾರೆ. ಆಮೇಲೆ ನಿಮ್ಮ ಮತ್ತು ಗಸಿಯ ನಡುವೆ ಓಟ. ಮೊದಲ ನಿಮಿಷ ರೊಟ್ಟಿ ಇನ್ನೂ ಗರಿಗರಿ, ನಾಲ್ಕನೇ ನಿಮಿಷಕ್ಕೆ ಪೂರ್ತಿ ಮೆತ್ತಗೆ. ಎರಡರ ನಡುವೆ ಅರ್ಧ ನೆನೆದ, ಅರ್ಧ ಗರಿಯ ಒಂದು ಘಳಿಗೆ ಬರುತ್ತದೆ, ಅದಕ್ಕಾಗಿಯೇ ಜನ ಇದನ್ನು ತಿನ್ನುವುದು. ತಿಳಿದವರು ರೊಟ್ಟಿಯನ್ನೆಲ್ಲ ಒಟ್ಟಿಗೆ ಹಾಕಿಸಿಕೊಳ್ಳುವುದಿಲ್ಲ. ಸ್ವಲ್ಪ ಮುರಿದು, ಸ್ವಲ್ಪ ಗಸಿ ಹಾಕಿ, ತಿಂದು, ಮತ್ತೆ ಮುರಿಯುತ್ತಾರೆ. ಗಸಿಯ ಬಣ್ಣ ನೋಡಿ ಹೆದರಬೇಡಿ. ಅದು ಬ್ಯಾಡಗಿ ಮೆಣಸು, ಕೆಂಪು ಜಾಸ್ತಿ, ಖಾರ ಕಡಿಮೆ. 'ಲಂಚ್ ಹೋಮ್' ಅಂತ ಬೋರ್ಡ್ ಇರುವ ಕಡೆ ಸಾಮಾನ್ಯವಾಗಿ ಸಿಗುತ್ತದೆ.

ನಿಮ್ಮ ಮನೆಯವರ ವಿಷಯ. ಮೀನಿನ ಹೋಟೆಲಿನಲ್ಲಿ ಅವರಿಗೆ ಅನ್ನ ಮತ್ತು ಪಲ್ಯ ಸಿಗಬಹುದು. ಆದರೆ ಕಾವಲಿ ಒಂದೇ, ವಾಸನೆಯೂ ಒಂದೇ, ಅವರಿಗೆ ಹಿಂಸೆ. ಮಧ್ಯಾಹ್ನ ಸುಮ್ನೆ ಬೇರೆ ಬೇರೆ ಉಣ್ಣಿ, ಸಂಜೆ ಒಟ್ಟಿಗೆ ಹೋಗಿ. ಅವರು ರಥಬೀದಿಯ ಕಡೆ ತಿರುಗಾಡಲಿ. ವೆಂಕಟರಮಣ ದೇವಸ್ಥಾನದ ಸುತ್ತಮುತ್ತ ಕೊಂಕಣಿಯವರ ಅಡುಗೆಯ ಗಾಳಿ ಇದೆ. ಇಂಗಿನ ಘಮದ ದಾಳಿತೋಯ್ ಅನ್ನುವ ಬೇಳೆ ಸಾರು, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಆ ಕಡುಬು ನಮ್ಮ ಇಡ್ಲಿಯ ಹಿಟ್ಟಿನ ದಾಯಾದಿಯೇ, ಆದರೆ ಎಲೆಯ ಪರಿಮಳ ಹಿಟ್ಟಿಗೆ ಇಳಿದಿರುತ್ತದೆ. ಇದನ್ನು ತಿಂದ ಮೇಲೆ ತಟ್ಟೆ ಇಡ್ಲಿಗೆ ನನ್ನ ಮನೆಯಲ್ಲಿ ಬೇಡಿಕೆ ಕಡಿಮೆಯಾಯಿತು. ನೀರ್ ದೋಸೆ ಎರಡೂ ಬಗೆಯ ಹೋಟೆಲಿನಲ್ಲಿದೆ. ಸಸ್ಯಾಹಾರಿ ಹೋಟೆಲಿನಲ್ಲಾದರೆ ಕಾಯಿಬೆಲ್ಲದ ಜೊತೆ ಕೇಳಿ. ಅದು ಹುದುಗಿಸದ ಹಿಟ್ಟು, ಕಾವಲಿಯ ಮೇಲೆ ಹರಡುವುದಿಲ್ಲ, ಚೆಲ್ಲುತ್ತಾರೆ ಅಷ್ಟೇ. ತಣ್ಣಗಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗಾಗಿ ಪಾರ್ಸೆಲ್ ತರಬೇಡಿ.

ಸಂಜೆ ನಾಲ್ಕಕ್ಕೆ ಇಡೀ ಊರಿಗೆ ಎಣ್ಣೆ ಕಾಯುತ್ತದೆ. ಗೋಳಿಬಜೆಯ ಹೊತ್ತು. ಬೆಂಗಳೂರಿನಲ್ಲಿ ನಾವು 'ಮಂಗಳೂರು ಬಜ್ಜಿ' ಅನ್ನುತ್ತಿದ್ದದ್ದು ಇದೇ. ಮೈದಾ, ಹುಳಿ ಮೊಸರು, ಹಸಿಮೆಣಸು, ಶುಂಠಿ, ಕಾಯಿ ಚೂರು. ಮಂಗಳೂರಿಗೆ ಬಂದು ಮಂಗಳೂರು ಬಜ್ಜಿ ಕೇಳಬೇಡಿ, ನಗುತ್ತಾರೆ. ಬಜ್ಜಿಗೆ ಇಲ್ಲಿ 'ಪೋಡಿ' ಅನ್ನುತ್ತಾರೆ, ಈರುಳ್ಳಿ 'ನೀರುಳ್ಳಿ', ಆಲೂಗಡ್ಡೆ 'ಬಟಾಟೆ'. ಇನ್ನು 'ಬೊಂಡ'. ಮಳೆ ಬರುವ ಒಂದು ಸಂಜೆ, ಬಿಸಿಬಿಸಿಯಾಗಿ ಏನಾದರೂ ಬೇಕು ಅನ್ನಿಸಿ ರಸ್ತೆ ಬದಿಯಲ್ಲಿ "ಬೊಂಡ ಉಂಟು" ಅನ್ನುವ ಬೋರ್ಡ್ ನೋಡಿ ಬೈಕ್ ನಿಲ್ಲಿಸಿದೆ. "ಎರಡು ಕೊಡಿ" ಅಂದೆ. ಅವನು ಕತ್ತಿ ಎತ್ತಿಕೊಂಡ. ಇಲ್ಲಿ ಬೊಂಡ ಅಂದರೆ ಎಳನೀರು. ಮಳೆಯಲ್ಲಿ ನೆನೆಯುತ್ತಾ ಎರಡೂ ಕುಡಿದು ಬಂದೆ.

ಸಂಜೆ ಇಬ್ಬರೂ ಒಟ್ಟಿಗೆ ತಿನ್ನಬಹುದಾದ ಇನ್ನೊಂದು ತಿನಿಸು, ಗಾಡಿಯ ಚರುಂಬುರಿ. ಚುರುಮುರಿಯೇ, ಆದರೆ ತೆಂಗಿನೆಣ್ಣೆ ಹಾಕಿ ಕಲಸುತ್ತಾರೆ. ಕಾಲಕ್ಕೆ ತಕ್ಕಂತೆ ಮಾವಿನಕಾಯಿ ತುರಿಯೂ ಬೀಳುತ್ತದೆ.

ರಾತ್ರಿಗೆ ಐಸ್‌ಕ್ರೀಮ್. ಇದನ್ನು ಮಕ್ಕಳ ವಿಷಯ ಅಂದುಕೊಳ್ಳಬೇಡಿ, ಇಲ್ಲಿ ಮುದುಕರೂ ಊಟ ಮುಗಿಸಿ ಬರುತ್ತಾರೆ. ಐಡಿಯಲ್ 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಶುರುವಾದ ಅಂಗಡಿ, ಅವರದ್ದೇ ಪಬ್ಬಾಸ್ ಲಾಲ್‌ಬಾಗ್ ಕಡೆ ಇದೆ, ನಿಮ್ಮ ಬಿಜೈಗೆ ಹತ್ತಿರ. ಹೊಸಬರೆಲ್ಲ ಗಡ್‌ಬಡ್ ಹೇಳುತ್ತಾರೆ: ಎತ್ತರದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಒಣಹಣ್ಣು. ಅದು ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಅನ್ನುವ ಮಾತಿದೆ. ಒಂದನ್ನು ಇಬ್ಬರು ತಿನ್ನಿ, ಇದಕ್ಕೆ ಬೈಟು ನಡೆಯುತ್ತದೆ. ಎರಡನೇ ಸಲ ಹೋದಾಗ ಪರ್ಫೆ ಹೇಳಿ. ನನಗೆ ಅದೇ ಇಷ್ಟ.

ಭಾನುವಾರ ಬೆಂಗಳೂರು ನೆನಪಾಗಿ ಮಸಾಲೆ ದೋಸೆಗೆ ಮನಸ್ಸು ಎಳೆದರೆ ಉಡುಪಿಗೆ ಹೋಗಿ, ಸುಮಾರು 60 ಕಿಲೋಮೀಟರ್. ಕೃಷ್ಣಮಠದ ಹತ್ತಿರ ಮಿತ್ರ ಸಮಾಜ ಇದೆ. ದೋಸೆ ಗಾಂಧಿಬಜಾರಿನದ್ದರ ಹಾಗೆ ದಪ್ಪ ಅಲ್ಲ, ಬೆಣ್ಣೆಯಲ್ಲಿ ಈಜುವುದೂ ಇಲ್ಲ. ಅದಕ್ಕೂ ಆಚೆ ಕುಂದಾಪುರದ ಶೆಟ್ಟಿ ಲಂಚ್ ಹೋಮ್, ಚಿಕನ್ ಘೀ ರೋಸ್ಟ್ ಹುಟ್ಟಿದ ಮನೆ. ಆದರೆ ಅದು 'ಸುಮ್ನೆ ಹೋಗಿ ಬರುವ' ದೂರವಲ್ಲ, ಒಂದು ರಜೆಗೆ ಇಟ್ಟುಕೊಳ್ಳಿ.

ಕೊನೆಗೆ ನಿಮ್ಮ ತಂದೆಯವರು. ಜುಲೈ ಬೇಡ. ಗಡಿಯಾರ ಮಾತ್ರ ಅಲ್ಲ, ಕ್ಯಾಲೆಂಡರೂ ನೋಡಬೇಕಾದ ಊರು ಇದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ತಂದದ್ದು, ಹೊಳೆಮೀನು, ಹೊರಗಿನಿಂದ ಐಸಿನಲ್ಲಿ ಬಂದದ್ದು ಸಿಗುತ್ತದೆ. ಆದರೆ ಬೆಲೆ ಏರಿರುತ್ತದೆ, ರುಚಿ ಇಳಿದಿರುತ್ತದೆ. ಸಾಧ್ಯವಾದರೆ ಅವರನ್ನು ಸೆಪ್ಟೆಂಬರಿಗೆ ಬರಹೇಳಿ. ಟಿಕೆಟ್ ಆಗಲೇ ಆಗಿದ್ದರೆ ಅಂಜಲ್, ಕಾಣೆಯ ಆಸೆ ಹುಟ್ಟಿಸಬೇಡಿ. ಅದು ತುಳುವರ ಆಟಿ ತಿಂಗಳ ಕಾಲ, ಕೆಸುವಿನ ಎಲೆಯ ಪತ್ರೊಡೆ ಹೋಟೆಲುಗಳಿಗೆ ಬಂದಿರುತ್ತದೆ, ಸೊಸೆಯೂ ಮಾವನೂ ಒಂದೇ ಮೇಜಿನಲ್ಲಿ ಕೂತು ತಿನ್ನಬಹುದು. ಮತ್ತೆ ಜೋರು ಮಳೆಯ ಒಂದು ರಾತ್ರಿ ಮನೆಯಲ್ಲೇ ಕುಚ್ಚಲಕ್ಕಿ ಗಂಜಿ ಮಾಡಿ, ಮಾರ್ಕೆಟ್ಟಿನಿಂದ ಒಣಮೀನು ತಂದು ಸುಟ್ಟು, ಕಾಯಿ ಮತ್ತು ಮೆಣಸಿನ ಜೊತೆ ಚಟ್ನಿ ಅರೆದು ಬಡಿಸಿ. ಒಣಮೀನು ಸುಡುವಾಗ ಕಿಟಕಿ ತೆರೆದಿಡಿ, ಮನೆಯವರನ್ನು ಅಷ್ಟು ಹೊತ್ತು ಪಬ್ಬಾಸ್‌ಗೆ ಕಳಿಸಿ.